ಯಂತ್ರದ ಪುಟಗಳಿಂದ ಒಂದು ಸಾಲಿನವರೆಗೆ



ಸಾಪೇಕ್ಷತಾ ಸಿದ್ಧಾಂತದ ಮೇಲೆ ದತ್ತಿ ಉಪನ್ಯಾಸ ಎಂದರೆ ಕಪ್ಪುಕುಳಿಯ ಕಥೆಯೋ ವಿಶ್ವದ ಹುಟ್ಟಿನ ಕಥೆಯೋ ಬರುವುದು ವಾಡಿಕೆ. ನಾನು ಆರಿಸಿಕೊಂಡಿರುವುದು ಆ ಕಥೆಗಳ ಹಿಂದೆ ಕೂತು ಲೆಕ್ಕ ಮಾಡುವವರ ಒಂದು ಕಷ್ಟವನ್ನು. ಗಣಕಕ್ಕೆ ಟೆನ್ಸರ್ ಲೆಕ್ಕ ಕೊಟ್ಟರೆ ಅದು ಉತ್ತರ ಕೊಡುತ್ತದೆ. ಉತ್ತರ ಸರಿಯಾಗಿಯೂ ಇರುತ್ತದೆ. ಆದರೆ ಓದಲು ಬರುವುದಿಲ್ಲ. ಪರದೆಯ ಮೇಲೆ ಪುಟದ ಮೇಲೆ ಪುಟ ಉರುಳುತ್ತದೆ. ದೇಶಕಾಲದ ದೂರಗಳನ್ನು ಅಳೆದುಕೊಡುವ ಮೆಟ್ರಿಕ್ಕಿನ ಅವಕಲನಗಳು, ಅವುಗಳ ಗುಣಲಬ್ಧಗಳು, ಮತ್ತೆ ಅವುಗಳ ಅವಕಲನಗಳು. ಇದರೊಳಗಿಂದ ಯಾವ ನಿರ್ದೇಶಾಂಕವನ್ನೂ ನೆಚ್ಚಿಕೊಳ್ಳದ, ಪುಸ್ತಕದಲ್ಲಿ ಅಚ್ಚು ಹಾಕಬಹುದಾದ ಒಂದು ಸಾಲನ್ನು, ಅಂದರೆ ಕೋವೇರಿಯಂಟ್ ಆದ ಒಂದು ಸಾಲನ್ನು, ಹೊರತೆಗೆಯುವುದು ಹೇಗೆ? ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಕೊನೆಯಲ್ಲಿ ಜಗಳಕ್ಕೆ ಬರಬಹುದು. ಓದಬಲ್ಲ ರೂಪವನ್ನು ಯಂತ್ರದಿಂದ ಬೇಡಿ ಪ್ರಯೋಜನವಿಲ್ಲ. ಆ ರೂಪವನ್ನು ನಾವೇ ಯಂತ್ರಕ್ಕೆ ಕೊಡಬೇಕು.

ಒಂದು ಹಳೆಯ ಪ್ರಸಂಗದಿಂದ ಶುರುಮಾಡೋಣ. ಗುರುತ್ವ ತರಂಗಗಳು ನಿಜಕ್ಕೂ ಶಕ್ತಿಯನ್ನು ಹೊತ್ತೊಯ್ಯುತ್ತವೆಯೇ ಎಂಬ ತಕರಾರು ಬಹುಕಾಲ ನಡೆದಿತ್ತು. 1962ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಹರ್ಮನ್ ಬಾಂಡಿ, ವಾನ್ ಡರ್ ಬರ್ಗ್, ಮೆಟ್ಸ್‌ನರ್ ಮೂವರೂ ಸೇರಿ, ಅಕ್ಷದ ಸುತ್ತ ಸಮಮಿತಿ ಇರುವ ವಸ್ತುವೊಂದು ತರಂಗ ಹೊಮ್ಮಿಸುವಾಗ ಅದರ ದ್ರವ್ಯರಾಶಿ ಇಳಿಯುತ್ತದೆ ಎಂದು ತೋರಿಸಿದರು. ಅದಕ್ಕಾಗಿ ಅವರು ಬರೆದುಕೊಂಡ ಮೆಟ್ರಿಕ್ಕಿನಿಂದ ವಕ್ರತೆಯ ಒಂದು ಭಾಗವಾದ ರಿಚ್ಚಿ ಟೆನ್ಸರನ್ನು ಕೈಯಲ್ಲೇ ಲೆಕ್ಕ ಹಾಕಬೇಕಿತ್ತು, ತಿಂಗಳುಗಟ್ಟಲೆ ಹಿಡಿಯಿತು. ಆ ದಶಕದ ಕೊನೆಗೆ ರೇ ಡಿನ್ವರ್ನೋ ಎಂಬ ತರುಣ ಸಂಶೋಧಕರು ಅಟ್ಲಾಸ್ ಗಣಕಕ್ಕೆ ಲಿಸ್ಪ್ ಭಾಷೆಯಲ್ಲಿ ‘ಅಲಾಮ್’ ಎಂಬ ಬೀಜಗಣಿತ ವ್ಯವಸ್ಥೆ ಬರೆದರು. ಅದೇ ಲೆಕ್ಕವನ್ನು ಅದು ಕೆಲವೇ ನಿಮಿಷಗಳಲ್ಲಿ ಮುಗಿಸಿತು. ಜೊತೆಗೆ ಅಚ್ಚಾಗಿದ್ದ ಪ್ರಬಂಧದ ಪದಗಳಲ್ಲಿ ತಪ್ಪುಗಳನ್ನೂ ಹಿಡಿದುಕೊಟ್ಟಿತು. ಗಣಕ ಬೀಜಗಣಿತದ ಚರಿತ್ರೆ ಬರೆಯುವವರು ಈ ಪ್ರಸಂಗವನ್ನು ಯಂತ್ರದ ಜಯವೆಂದು ಹೇಳುತ್ತಾರೆ. ಜಯವೇನೋ ಹೌದು. ಆದರೆ ಆ ತಪ್ಪುಗಳಿಂದ ಬಾಂಡಿಯವರ ತೀರ್ಮಾನಕ್ಕೆ ಏನೂ ಆಗಲಿಲ್ಲ ಎಂಬುದನ್ನು ಗಮನಿಸಿ. ಇವತ್ತು ಪಾಠದಲ್ಲಿ ಉಳಿದಿರುವುದು, ‘ಸುದ್ದಿ’ ಎಂದು ಅವರು ಹೆಸರಿಟ್ಟ ಒಂದು ಫಲನದ ವರ್ಗವನ್ನು ಎಲ್ಲ ದಿಕ್ಕಿಗೂ ಕೂಡಿದಷ್ಟು ದ್ರವ್ಯರಾಶಿ ಕಳೆಯುತ್ತದೆ ಎಂಬ ಒಂದೇ ಸಾಲು. ವರ್ಗವಾದ್ದರಿಂದ ಅದು ಋಣವಾಗಲಾರದು, ಹಾಗಾಗಿ ದ್ರವ್ಯರಾಶಿ ಏರಲಾರದು. ಸಾಲನ್ನು ಓದುತ್ತಿರುವಾಗಲೇ ಭೌತವಿಜ್ಞಾನ ಕಾಣುತ್ತದೆ. ಯಂತ್ರ ತಿದ್ದಿಕೊಟ್ಟ ಪುಟಗಳಲ್ಲಿ ಅದು ಕಾಣುವುದಿಲ್ಲ.

ಟೆನ್ಸರ್ ಎಂದರೇನೆಂದು ಪದವಿ ತರಗತಿಯವರಿಗಾಗಿ ಎರಡು ಮಾತು. ಹೊಲವೊಂದನ್ನು ಮೋಜಣಿದಾರ ಬಾವಿಯ ಕಟ್ಟೆಯಿಂದ ಸರಪಳಿ ಹಿಡಿದು ಅಳೆಯಬಹುದು, ಮೂಡಣ ಬದುವಿನಿಂದಲೂ ಅಳೆಯಬಹುದು. ಪುಸ್ತಕದಲ್ಲಿ ಬರೆದ ಅಂಕಿಗಳೆಲ್ಲ ಬೇರೆಬೇರೆ. ಹೊಲ ಎಷ್ಟು ಗುಂಟೆ ಎಂಬುದು ಮಾತ್ರ ಒಂದೇ. ದೇಶಕಾಲದಲ್ಲಿ ನಿರ್ದೇಶಾಂಕಗಳು ಆ ಸರಪಳಿ. ಘಟಕಗಳು ಪುಸ್ತಕದ ಅಂಕಿಗಳು. ಯಾವ ನಿರ್ದೇಶಾಂಕದಲ್ಲಿ ನೋಡಿದರೂ ಒಂದೇ ರೂಪದಲ್ಲಿ ನಿಲ್ಲುವ ಸಮೀಕರಣವನ್ನು ಕೋವೇರಿಯಂಟ್ ಎನ್ನುತ್ತೇವೆ. ರಿಚ್ಚಿ ಮತ್ತು ಅವರ ಶಿಷ್ಯ ಲೆವಿ-ಚಿವಿಟಾ ಈ ಕಲನವನ್ನು ಕಟ್ಟಿದರು. ಎರಡು ಸಲ ಬಂದ ಸೂಚಿಯ ಮೇಲೆ ಕೂಡುವ ಚಿಹ್ನೆ ಬೇಡ, ತಾನಾಗಿ ಕೂಡಿಕೊಳ್ಳಿ ಎಂಬ ಅನುಕೂಲವನ್ನು 1916ರಲ್ಲಿ ಐನ್‌ಸ್ಟೈನ್ ಸೇರಿಸಿದರು. ಈ ಅನುಕೂಲವೇ ಮುಂದೆ ಯಂತ್ರಕ್ಕೆ ತಲೆನೋವಾಯಿತು.

ನಾಲ್ಕು ಆಯಾಮಗಳಲ್ಲಿ ರೀಮಾನ್ ವಕ್ರತಾ ಟೆನ್ಸರಿಗೆ 256 ಘಟಕಗಳು. ಸಮಮಿತಿಗಳಿಂದಾಗಿ ಅವುಗಳಲ್ಲಿ ಸ್ವತಂತ್ರವಾದವು 20 ಮಾತ್ರ. ಆದರೂ ಮೆಟ್ರಿಕ್ಕಿನ ಹತ್ತೂ ಫಲನಗಳನ್ನು ಬಿಡಿಬಿಡಿಯಾಗಿ ಇಟ್ಟು, ವಿಲೋಮ ಮೆಟ್ರಿಕ್ಕನ್ನೂ ಬಿಚ್ಚಿ ಬರೆಯಹೊರಟರೆ, ವಕ್ರತೆಯ ಒಂದು ಅದಿಶವೇ ಸಾವಿರಾರು ಪದಗಳಾಗುತ್ತದೆ. ಕಾಗದದ ಮೇಲೆ ಅದೇ ಅದಿಶ ಒಂದೇ ಅಕ್ಷರ.

ಕೋವೇರಿಯಂಟ್ ಮಾತಿನ ಬೆಲೆ ಏನೆಂಬುದಕ್ಕೆ ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅವರ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೆಂದು ನಮ್ಮ ಊರಿನವರಿಗೆ ಅವರ ಪರಿಚಯ. ಶ್ವಾರ್ಜ್‌ಶೀಲ್ಡ್ ಐನ್‌ಸ್ಟೈನ್ ಸಮೀಕರಣಗಳಿಗೆ 1916ರಲ್ಲಿ ಕೊಟ್ಟ ಪರಿಹಾರದಲ್ಲಿ, ಬೆಳಕಿನ ವೇಗವನ್ನೂ ಗುರುತ್ವ ಸ್ಥಿರಾಂಕವನ್ನೂ ಒಂದೆಂದು ಹಿಡಿದರೆ, ತ್ರಿಜ್ಯ ದ್ರವ್ಯರಾಶಿಯ ಎರಡರಷ್ಟಾದಾಗ ಮೆಟ್ರಿಕ್ಕಿನ ಒಂದು ಘಟಕ ಅನಂತಕ್ಕೆ ಹಾರುತ್ತದೆ. ಅಲ್ಲೇನೋ ಅನಾಹುತವಿದೆ ಎಂದು ದಶಕಗಳ ಕಾಲ ಅನುಮಾನ. ರೀಮಾನ್ ಟೆನ್ಸರನ್ನು ಅದರಿಂದಲೇ ಪೂರ್ತಿ ಸಂಕುಚಿಸಿದರೆ ಬರುವ ಕ್ರೆಚ್‌ಮನ್ ಅದಿಶ ಮಾತ್ರ, ದ್ರವ್ಯರಾಶಿಯ ವರ್ಗದ 48ರಷ್ಟನ್ನು ತ್ರಿಜ್ಯದ ಆರನೆಯ ಘಾತದಿಂದ ಭಾಗಿಸಿದ್ದು. ಅನುಮಾನದ ಮೇಲ್ಮೈಯಲ್ಲಿ ಅದಕ್ಕೆ ಸಾಧಾರಣವಾದ, ಮಿತವಾದ ಬೆಲೆ, ಅನಂತವಾಗುವುದು ನಡುಬಿಂದುವಿನಲ್ಲಿ. ಹಾಗಾದರೆ ಆ ಮೇಲ್ಮೈ ಏನು? ತ್ರಿಜ್ಯವೇ ಇಲ್ಲದ ಬೇರೆ ದೇಶಕಾಲದಲ್ಲಿ ಅದನ್ನು ಗುರುತಿಸುವುದು ಹೇಗೆ? 1968ರ ಪ್ರಬಂಧದಲ್ಲಿ ವಿಶ್ವೇಶ್ವರ ಇದನ್ನು ಕಿಲ್ಲಿಂಗ್ ಸದಿಶದ ಭಾಷೆಗೆ ತಂದರು. ಕಾಲ ಸರಿದರೂ ಜ್ಯಾಮಿತಿ ಬದಲಾಗದೆಂದು ಹೇಳುವ ಆ ಸದಿಶದ ಉದ್ದ ಸೊನ್ನೆಯಾಗುವಲ್ಲಿ, ಸ್ಥಿರ ದೇಶಕಾಲದಲ್ಲಾದರೆ, ಒಮ್ಮುಖ ದಾಟಿನ ಮೇಲ್ಮೈ ಇರುತ್ತದೆ. ತಿರುಗುವ ಕಪ್ಪುಕುಳಿಯಲ್ಲಿ ಉದ್ದ ಸೊನ್ನೆಯಾಗುವ ಮೇಲ್ಮೈಯೂ ಒಮ್ಮುಖ ದಾಟಿನ ಮೇಲ್ಮೈಯೂ ಬೇರ್ಪಡುತ್ತವೆ. ಈ ಮಾತಿನಲ್ಲಿ ಎಲ್ಲಿಯೂ ನಿರ್ದೇಶಾಂಕವಿಲ್ಲ. ಯಾವ ಯಂತ್ರಕ್ಕೂ ಘಟಕಗಳ ರಾಶಿಯಿಂದ ಇದನ್ನು ಹೆಕ್ಕಿಕೊಡಲು ಆಗುತ್ತಿರಲಿಲ್ಲ, ಏಕೆಂದರೆ ಕೇಳಬೇಕಾದ ಪ್ರಶ್ನೆಯೇ ಘಟಕಗಳಲ್ಲಿರಲಿಲ್ಲ.

ಕೈಲೆಕ್ಕದ ಅಪಾಯವೂ ಅವರಿಗೆ ಗೊತ್ತಿತ್ತು. ಶ್ವಾರ್ಜ್‌ಶೀಲ್ಡ್ ಹಿನ್ನೆಲೆಯನ್ನು ತುಸು ಅಲುಗಿಸಿದರೆ ಏನಾಗುತ್ತದೆ ಎಂದು 1957ರಲ್ಲಿ ರೆಜ್ಜೆ ಮತ್ತು ವೀಲರ್ ಬರೆದ ಸಮೀಕರಣಗಳಲ್ಲಿ ತಪ್ಪುಗಳು ನುಸುಳಿದ್ದವು. ತಿದ್ದಿದ ಗುಂಪನ್ನು 1970ರಲ್ಲಿ ಎಡೆಲ್‌ಸ್ಟೈನ್ ಮತ್ತು ವಿಶ್ವೇಶ್ವರ ಅಚ್ಚು ಮಾಡಿದರು. ಆದ್ದರಿಂದ ಯಂತ್ರ ಬೇಡವೆಂದು ನಾನು ಹೇಳುತ್ತಿದ್ದೇನೆ ಎಂದು ತಿಳಿಯಬೇಡಿ.

ಯಂತ್ರದ ಕೆಲಸದಲ್ಲಿ ಎರಡು ದಾರಿಗಳಿವೆ. ಅಲಾಮ್, ಅದರ ನಂತರ ಸ್ಟಾಕ್‌ಹೋಮ್‌ನ ಇಂಗೆ ಫ್ರಿಕ್ ಬರೆದ ‘ಶೀಪ್’ ಮೊದಲಾದವು ಘಟಕದ ದಾರಿ ಹಿಡಿದವು: ಮೆಟ್ರಿಕ್ ಕೊಡಿ, ವಕ್ರತೆಯ ಒಂದೊಂದು ಘಟಕವನ್ನೂ ಪಡೆಯಿರಿ. ಇನ್ನೊಂದರಲ್ಲಿ ಘಟಕಗಳನ್ನು ಬಿಚ್ಚುವುದೇ ಇಲ್ಲ. ಸೂಚಿಗಳನ್ನು ಬರಿಯ ಹೆಸರುಗಳಾಗಿಯೇ ಇಟ್ಟು, ಕಾಗದದ ಮೇಲೆ ನಾವು ಮಾಡುವಂತೆ ಟೆನ್ಸರುಗಳನ್ನು ಟೆನ್ಸರುಗಳಾಗಿಯೇ ಕುಶಲವಾಗಿ ಆಡಿಸಬೇಕು. ಇವತ್ತು ಈ ಎರಡನೆಯ ದಾರಿಯಲ್ಲಿ ಹೆಚ್ಚು ಬಳಕೆಯಲ್ಲಿರುವವು ಹೋಸೆ ಮರಿಯಾ ಮಾರ್ಟಿನ್-ಗಾರ್ಸಿಯಾ ಶುರುಮಾಡಿದ ‘ಎಕ್ಸ್‌ಆಕ್ಟ್’ ಮತ್ತು ಕಾಸ್ಪರ್ ಪೀಟರ್ಸ್ ಬರೆದ ‘ಕಡಾಬ್ರಾ’. ಎರಡೂ ಉಚಿತ, ಆದರೆ ಮೊದಲನೆಯದಕ್ಕೆ ಮ್ಯಾಥಮ್ಯಾಟಿಕಾ ಬೇಕು, ಅದಕ್ಕೆ ದುಡ್ಡು ಬೇಕು. ನಮ್ಮ ತಾಲೂಕು ಕೇಂದ್ರಗಳ ಕಾಲೇಜುಗಳಿಗೆ ನಾನು ಕಡಾಬ್ರಾವನ್ನೇ ಹೇಳುವುದು.

ಸೂಚಿಗಳನ್ನು ಹೆಸರಾಗಿ ಇಟ್ಟರೆ ಏನು ಕಷ್ಟ? ಜೋಡಿಯಾಗಿ ಬಂದು ಕೂಡಿಹೋಗುವ ಸೂಚಿಗೆ ಯಾವ ಹೆಸರಿಟ್ಟರೂ ಒಂದೇ. ನಮ್ಮ ಕಣ್ಣಿಗೆ ಇದು ಸಹಜ, ಯಂತ್ರಕ್ಕೆ ಹಾಗಲ್ಲ. ಎರಡು ರೀಮಾನ್ ಟೆನ್ಸರುಗಳನ್ನು ಗುಣಿಸಿ, ಅವುಗಳ ಎಂಟು ಸ್ಥಾನಗಳನ್ನು ಜೋಡಿಜೋಡಿಯಾಗಿ ಕಟ್ಟಿ ಒಂದು ಅದಿಶ ಮಾಡಬೇಕೆನ್ನಿ. ಜೋಡಿಸುವ ಬಗೆಗಳು 105. ಮೂರು ರೀಮಾನ್‌ಗಳಾದರೆ ಹನ್ನೆರಡು ಸ್ಥಾನ, 10,395 ಬಗೆ. ಏಳಾದರೆ 213 ಲಕ್ಷ ಕೋಟಿಗೂ ಹೆಚ್ಚು. ಇವುಗಳಲ್ಲಿ ಎಷ್ಟೋ ಸೊನ್ನೆ, ಎಷ್ಟೋ ಒಂದರ ಪಡಿಯಚ್ಚು ಇನ್ನೊಂದು. ನಿಜವಾಗಿ ಬೇರೆಬೇರೆಯಾದವು, ಎರಡು ರೀಮಾನ್‌ಗಳಿಗೆ ಮೂರೇ ಮೂರು. ಮೂರು ರೀಮಾನ್‌ಗಳಿಗೆ ಎಂಟು. ಹತ್ತು ಸಾವಿರದ ವೇಷದಲ್ಲಿ ಬಂದ ಎಂಟು ಮಂದಿಯನ್ನು ಗುರುತಿಸುವುದೇ ಇಲ್ಲಿಯ ಕೆಲಸ. ಗುರುತಿಸದಿದ್ದರೆ ಏನಾಗುತ್ತದೆ? ಒಂದಕ್ಕೊಂದು ಹೊಡೆದುಹೋಗಬೇಕಾದ ಪದಗಳು ಹೊಡೆದುಹೋಗದೆ, ಸೊನ್ನೆಯೇ ಹತ್ತು ಪುಟವಾಗಿ ಅಚ್ಚಾಗುತ್ತದೆ.

ವೇಷ ಕಳಚುವುದಕ್ಕೆ ಒಂದು ಒಳ್ಳೆಯ ವಿಧಾನವಿದೆ. ಟೆನ್ಸರಿನ ಸ್ಥಾನಗಳಿಗೆ ಅದರದೇ ಸಮಮಿತಿಗಳು: ರೀಮಾನ್‌ನ ಮೊದಲೆರಡು ಸ್ಥಾನ ಅದಲುಬದಲಾದರೆ ಚಿಹ್ನೆ ತಿರುಗುತ್ತದೆ, ಕೊನೆಯೆರಡಕ್ಕೂ ಹಾಗೆಯೇ, ಎರಡು ಜೋಡಿಗಳನ್ನೇ ಅದಲುಬದಲು ಮಾಡಿದರೆ ಏನೂ ಆಗದು. ಇವು ಸೇರಿ ಕ್ರಮಪಲ್ಲಟನೆಗಳ ಒಂದು ಗ್ರೂಪ್. ಜೋಡಿ ಸೂಚಿಗಳ ಹೆಸರು ಬದಲಿಸುವುದು ಇನ್ನೊಂದು ಗ್ರೂಪ್. ಒಂದು ಎಡದಿಂದ, ಇನ್ನೊಂದು ಬಲದಿಂದ ಕೆಲಸ ಮಾಡುತ್ತದೆ; ಸಮಾನವಾದ ಬರಹಗಳೆಲ್ಲ ಒಂದೇ ಕುಟುಂಬಕ್ಕೆ ಸೇರುತ್ತವೆ. ಪ್ರತಿ ಕುಟುಂಬದಿಂದ, ಅಕಾರಾದಿಯಲ್ಲಿ ಮೊದಲು ಬರುವವನನ್ನು ಯಜಮಾನನನ್ನಾಗಿ ಆರಿಸಿದರೆ ಎರಡು ಬರಹಗಳು ಒಂದೇ ಹೌದೋ ಅಲ್ಲವೋ ಎಂದು ಕೂಡಲೇ ತಿಳಿಯುತ್ತದೆ. ಗ್ರೆಗ್ ಬಟ್ಲರ್ ಅವರ ಗ್ರೂಪ್ ವಿಧಾನವನ್ನು ಬ್ರೆಜಿಲ್‌ನ ರೆನಾಟೊ ಪೋರ್ಚುಗಲ್ ಮತ್ತು ಸಂಗಡಿಗರು ಟೆನ್ಸರುಗಳಿಗೆ ಒಗ್ಗಿಸಿದರು. ಎಲ್ಲ ಬರಹಗಳನ್ನೂ ಬರೆದು ಹೋಲಿಸದೆಯೇ ಯಜಮಾನನನ್ನು ಹುಡುಕುವುದು ಅದರ ಹೆಚ್ಚುಗಾರಿಕೆ. ನೂರು ಸೂಚಿಗಳಿರುವ ಪದ ಕೊಟ್ಟರೂ ಸಾಮಾನ್ಯವಾಗಿ ಹೆದರುವುದಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡರೆ, ಇಲ್ಲ. ರೀಮಾನ್ ಟೆನ್ಸರಿಗೆ ಇನ್ನೊಂದು ಗುಣವಿದೆ, ಅದು ಗ್ರೂಪಿನೊಳಗೆ ಕೂರುವುದಿಲ್ಲ. ಮೊದಲ ಸೂಚಿಯನ್ನು ಹಾಗೇ ಇಟ್ಟು ಉಳಿದ ಮೂರನ್ನು ಸುತ್ತಿಸಿ ಮೂರು ಪದ ಕೂಡಿದರೆ ಮೊತ್ತ ಸೊನ್ನೆ. ಎರಡು ಬರಹ ಒಂದೇ ಎಂದು ಹೇಳುವ ಗುಣವಲ್ಲ ಇದು. ಮೂರು ಬರಹಗಳ ನಡುವಿನ ಸಂಬಂಧ. ಇದರ ಫಲವನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಬಹುದು. ಒಂದು ರೀಮಾನ್ ಮೇಲೆ ಸೂಚಿಗಳು ಕ, ಖ, ಗ, ಘ. ಇನ್ನೊಂದರ ಮೇಲೂ ಅದೇ ಕ್ರಮದಲ್ಲಿ ಕ, ಖ, ಗ, ಘ. ಕೂಡಿದರೆ ಕ್ರೆಚ್‌ಮನ್ ಅದಿಶ. ಎರಡನೆಯದರಲ್ಲಿ ನಡುವಿನ ಎರಡನ್ನು ತಿರುಗಿಸಿ ಕ, ಗ, ಖ, ಘ ಎಂದು ಬರೆಯಿರಿ. ಗ್ರೂಪ್ ವಿಧಾನದ ಕಣ್ಣಿಗೆ ಇವೆರಡೂ ಬೇರೆ ಕುಟುಂಬಗಳು; 105 ಬಗೆಗಳಲ್ಲಿ ಅದು ನಾಲ್ಕು ಯಜಮಾನರನ್ನು ಕಾಣುತ್ತದೆ. ಸುತ್ತುವ ಗುಣ ಬಳಸಿದರೆ ಎರಡನೆಯದು ಮೊದಲನೆಯದರ ಸರಿಯಾಗಿ ಅರ್ಧ. ನಾಲ್ಕು ಮೂರಾಗುತ್ತದೆ. ನಿಮ್ಮ ಉತ್ತರದಲ್ಲಿ ಇವೆರಡೂ ಬೇರೆಬೇರೆಯಾಗಿ ನಿಂತಿದ್ದರೆ, ಅದು ಇನ್ನೂ ಓದಲು ಯೋಗ್ಯವಾಗಿಲ್ಲ ಎಂದೇ ಅರ್ಥ. ಕಡಾಬ್ರಾ ಇದನ್ನು ಯಂಗ್ ಚಿತ್ರಗಳ ಮೂಲಕ ನಿಭಾಯಿಸುತ್ತದೆ. ಪದವನ್ನು ಅದರ ಪೂರ್ಣ ಸಮಮಿತಿಗೆ ಚಾಚಿ ನೋಡುತ್ತದೆ, ಹಾಗಾಗಿ ಪದಗಳು ಮೊದಲು ಉಬ್ಬಿ ಆಮೇಲೆ ಇಳಿಯುತ್ತವೆ. ಎಕ್ಸ್‌ಆಕ್ಟ್ ಬಳಗದವರು ಬೇರೆ ಹಾದಿ ಹಿಡಿದರು. 2007ರಿಂದ ‘ಇನ್ವಾರ್’ ಎಂಬ ಹೆಸರಿನಲ್ಲಿ ಸಂಬಂಧಗಳನ್ನೆಲ್ಲ ಒಮ್ಮೆಗೇ ಲೆಕ್ಕ ಹಾಕಿ ಒಂದು ದೊಡ್ಡ ಕೋಷ್ಟಕ ಮಾಡಿಟ್ಟರು. ಏಳು ರೀಮಾನ್‌ಗಳ ಗುಣಲಬ್ಧದವರೆಗೆ ಹೋಗುವ ಅದರಲ್ಲಿ ಆರು ಲಕ್ಷಕ್ಕೂ ಹೆಚ್ಚು ಸಂಬಂಧಗಳಿವೆ. ಮಗ್ಗಿ ಬಾಯಿಪಾಠ ಮಾಡಿದ ಹುಡುಗ ಗುಣಾಕಾರ ಮಾಡದೆ ಉತ್ತರ ಹೇಳಿಬಿಡುತ್ತಾನಲ್ಲ, ಅಷ್ಟೇ. ನನಗೆ ವೈಯಕ್ತಿಕವಾಗಿ ಈ ಎರಡನೆಯ ಹಾದಿಯೇ ಇಷ್ಟ. ಸೊಗಸು ಕಡಿಮೆ, ಕೆಲಸ ಹೆಚ್ಚು.

ಇದೂ ಸಾಲದು. ಆಯಾಮದಿಂದ ಹುಟ್ಟುವ ಸಂಬಂಧಗಳು ಇನ್ನೂ ಕಳ್ಳತನದವು. ನಾಲ್ಕು ಆಯಾಮಗಳಲ್ಲಿ ಐದು ಸೂಚಿಗಳ ಮೇಲೆ ಪೂರ್ಣ ಪ್ರತಿಸಮಮಿತಿ ಇರುವ ಯಾವುದೇ ವಸ್ತು ಸೊನ್ನೆ. ಐದು ಸ್ಥಾನಕ್ಕೆ ನಾಲ್ಕೇ ಬೆಲೆಗಳಿರುವಾಗ ಎಲ್ಲೋ ಎರಡು ಒಂದಾಗಲೇಬೇಕು. ವಕ್ರತಾ ಅದಿಶದ ವರ್ಗದಿಂದ ರಿಚ್ಚಿ ವರ್ಗದ, ಅಂದರೆ ರಿಚ್ಚಿ ಟೆನ್ಸರನ್ನು ಅದರಿಂದಲೇ ಸಂಕುಚಿಸಿದ್ದರ, ನಾಲ್ಕರಷ್ಟನ್ನು ಕಳೆದು, ರೀಮಾನ್ ವರ್ಗವನ್ನು, ಅಂದರೆ ಆ ಕ್ರೆಚ್‌ಮನ್ ಅದಿಶವನ್ನು, ಕೂಡಿದರೆ ಬರುವುದು ಗೌಸ್-ಬಾನೆ ಸಂಯೋಜನೆ. ಇದನ್ನು ಕ್ರಿಯಾಫಲನವಾಗಿಟ್ಟು ಮೆಟ್ರಿಕ್ಕನ್ನು ಅಲುಗಿಸಿದರೆ ಕ್ಷೇತ್ರ ಸಮೀಕರಣಕ್ಕೆ ನಾಲ್ಕು ಆಯಾಮಗಳಲ್ಲಿ ಏನೂ ಸೇರುವುದಿಲ್ಲ ಎಂದು 1938ರಲ್ಲಿ ಲಾಂಟ್ಸೋಸ್ ತೋರಿಸಿದ್ದರು. ಆದರೆ ಅದೇ ಅಲುಗಾಟವನ್ನು ಯಂತ್ರಕ್ಕೆ ಕೊಡಿ: ವಕ್ರತೆಯ ವರ್ಗಗಳಿಂದ ತುಂಬಿದ, ಚೆನ್ನಾಗಿ ಕೋವೇರಿಯಂಟ್ ಆದ, ಗೌರವಾನ್ವಿತವಾಗಿ ಕಾಣುವ ಒಂದು ಸಾಲು ಬರುತ್ತದೆ. ಎಲ್ಲ ಸೂಚಿಗಳೂ ಯಜಮಾನ ಕ್ರಮದಲ್ಲೇ ಇರುತ್ತವೆ. ಸೊನ್ನೆ ಎಂದು ಅದರ ಮುಖದ ಮೇಲೆ ಎಲ್ಲಿಯೂ ಬರೆದಿರುವುದಿಲ್ಲ. ನಾಲ್ಕು ಆಯಾಮ ಎಂದು ಹೇಳದಿದ್ದರೆ ಯಂತ್ರಕ್ಕೆ ತಿಳಿಯುವುದಾದರೂ ಹೇಗೆ? ಐದು ಆಯಾಮಗಳಲ್ಲಿ ಅದು ಸೊನ್ನೆಯಲ್ಲ.

ಇನ್ನು ‘ಸರಳಗೊಳಿಸು’ ಎಂಬ ಆಜ್ಞೆ. ವಿದ್ಯಾರ್ಥಿಗಳು ಇದರ ಮೇಲೆ ಇಟ್ಟಿರುವ ಭಕ್ತಿ ದೊಡ್ಡದು. ಸಂಖ್ಯೆಗಳಲ್ಲಿ ಸರಳ ಎಂದರೆ ಏನೆಂದು ಎಲ್ಲರಿಗೂ ಒಪ್ಪಿಗೆಯಾಗಬಹುದು. ಟೆನ್ಸರಿನಲ್ಲಿ ಆಗುವುದಿಲ್ಲ. ಕೋವೇರಿಯಂಟ್ ಅವಕಲನಗಳೆರಡರ ಕ್ರಮ ಬದಲಿಸಿದರೆ ನಡುವೆ ಒಂದು ರೀಮಾನ್ ಹುಟ್ಟುತ್ತದೆ. ಕ್ರಮಬದ್ಧವಾಗಿ ಜೋಡಿಸಿಕೊಡು ಎಂದರೆ ಯಂತ್ರ ಪ್ರತಿ ಅದಲುಬದಲಿಗೂ ಹೊಸ ಪದ ಸೇರಿಸುತ್ತ ಹೋಗುತ್ತದೆ. ಅಂದವಾಗಿ ಜೋಡಿಸಿದ ಉತ್ತರ ಮೊದಲಿಗಿಂತ ಮೂರು ಪಟ್ಟು ಉದ್ದವಾಗಿರುವುದನ್ನು ಎಲ್ಲರೂ ನೋಡಿರುತ್ತಾರೆ. ರೀಮಾನ್‌ನ ಡೈವರ್ಜೆನ್ಸನ್ನು, ವಕ್ರತೆಯ ಅವಕಲನಗಳನ್ನು ಒಂದಕ್ಕೊಂದು ಕಟ್ಟುವ ಬಿಯಾಂಕಿ ಸಂಬಂಧದಿಂದ, ರಿಚ್ಚಿಯ ಅವಕಲನಗಳಾಗಿ ಬದಲಿಸುವುದು ಒಳ್ಳೆಯದೇ? ನಿರ್ವಾತದಲ್ಲಿ ಕೆಲಸ ಮಾಡುವವನಿಗೆ ಹೌದು, ಅವನ ರಿಚ್ಚಿ ಸೊನ್ನೆ. ಆಕಾರ ಉಳಿಸಿ ಅಳತೆ ಮಾತ್ರ ಬದಲಿಸುವ ಪರಿವರ್ತನೆಗಳನ್ನು ನೋಡುವವನಿಗೆ ರೀಮಾನ್ ಬೇಕಿಲ್ಲ, ವೈಲ್ ಟೆನ್ಸರ್, ಅಂದರೆ ರೀಮಾನ್‌ನಿಂದ ರಿಚ್ಚಿಯ ಪಾಲನ್ನೆಲ್ಲ ಕಳೆದು ಉಳಿದದ್ದು, ಬೇಕು. ಅವನ ಕೈಯಲ್ಲಿ ರೀಮಾನ್ ವರ್ಗ, ವೈಲ್ ವರ್ಗಕ್ಕೆ ರಿಚ್ಚಿ ವರ್ಗದ ಎರಡರಷ್ಟು ಕೂಡಿ ಅದಿಶದ ವರ್ಗದ ಮೂರನೆಯ ಒಂದು ಪಾಲು ಕಳೆದದ್ದಾಗಿ ಬಿಡುತ್ತದೆ. ಒಂದೇ ಉತ್ತರ, ಎರಡು ಓದು. ಯಾವುದು ಸರಳ ಎಂಬುದು ನೀವು ಏನನ್ನು ಹುಡುಕುತ್ತಿದ್ದೀರಿ ಎಂಬುದರ ಮೇಲಿದೆ, ಅದನ್ನು ಯಂತ್ರ ಊಹಿಸಲಾರದು.

ಹೆಸರಿಡುವುದು ಈ ಆಯ್ಕೆಯ ಇನ್ನೊಂದು ಮುಖ. ಕೋಲ್ಕತ್ತಾದ ಅಮಲ್ ಕುಮಾರ್ ರಾಯಚೌಧುರಿ 1955ರಲ್ಲಿ ಕೊಟ್ಟ ಸಮೀಕರಣವನ್ನು ನೆನೆಯಿರಿ. ಜೊತೆಜೊತೆಯಾಗಿ ಸಾಗುವ ಕಣಗಳ ಗುಂಪು ಹಿಗ್ಗುವ ದರ ಹೇಗೆ ಬದಲಾಗುತ್ತದೆ? ಇವತ್ತು ನಾವು ಬರೆಯುವ ರೂಪದಲ್ಲಿ ಹಿಗ್ಗು, ಓರೆಯಾಗುವಿಕೆ, ಸುತ್ತು, ರಿಚ್ಚಿ, ಹೀಗೆ ನಾಲ್ಕು ಹೆಸರುಗಳು. ಯಾವುದು ಗುಂಪನ್ನು ಒಟ್ಟಿಗೆ ಎಳೆಯುತ್ತದೆ, ಯಾವುದು ದೂರ ತಳ್ಳುತ್ತದೆ ಎಂದು ಚಿಹ್ನೆಗಳಿಂದಲೇ ತಿಳಿಯುತ್ತದೆ. ಪೆನ್‌ರೋಸ್ ಮತ್ತು ಹಾಕಿಂಗ್ ಅವರ ಪ್ರಮೇಯಗಳು ಆ ಚಿಹ್ನೆಗಳ ಮೇಲೇ ನಿಂತಿವೆ. ವೇಗಸದಿಶದ ಅವಕಲನವನ್ನು ಈ ತುಂಡುಗಳಾಗಿ ಒಡೆಯದೆ ಯಂತ್ರಕ್ಕೆ ಕೊಟ್ಟಿದ್ದರೆ ಅದು ಸರಿಯಾದ ಉತ್ತರವನ್ನೇ ಕೊಡುತ್ತಿತ್ತು, ಪ್ರಮೇಯ ಮಾತ್ರ ಯಾರಿಗೂ ಹೊಳೆಯುತ್ತಿರಲಿಲ್ಲ.

ಈಗ ನಾನು ಮೊದಲಿಗೆ ಹೇಳಿದ ಮಾತಿಗೆ ಬರುತ್ತೇನೆ: ರೂಪವನ್ನು ನಾವು ಕೊಡುವುದು. ಒಂದು ಲೆಕ್ಕ ಹೀಗಿದೆ ಎನ್ನಿ. ಉದ್ದವಾದ ಯಾವುದೋ ಗಣನೆಯ ಕೊನೆಗೆ ವಕ್ರತೆಯಲ್ಲಿ ಎರಡನೆಯ ಘಾತದ ಒಂದು ಅದಿಶ ಬರಬೇಕು ಎಂದು ಆಯಾಮಗಳ ಎಣಿಕೆಯಿಂದ ಗೊತ್ತು. ಹಾಗಾದರೆ ಅದು ವಕ್ರತಾ ಅದಿಶದ ವರ್ಗದ ಅ ಪಾಲು, ರಿಚ್ಚಿ ವರ್ಗದ ಆ ಪಾಲು, ರೀಮಾನ್ ವರ್ಗದ ಇ ಪಾಲು ಆಗಿರಲೇಬೇಕು. ಅವಕಲನವಿರುವ ಪದವೊಂದನ್ನು ಸದ್ಯಕ್ಕೆ ಬದಿಗಿಟ್ಟರೆ ಬೇರೆ ಗತಿಯಿಲ್ಲ. ಹತ್ತು ಪುಟದ ಉತ್ತರವನ್ನು ಮಡಚಿ ಮಡಚಿ ಸಣ್ಣದು ಮಾಡುವ ಬದಲು, ಮೂರು ಅಂಕಿಗಳನ್ನು ಕಂಡುಹಿಡಿದರೆ ಸಾಕು. ಅದಕ್ಕೆ ಸುಲಭವಾದ ಕೆಲವು ಜ್ಯಾಮಿತಿಗಳನ್ನು ಆರಿಸಿ, ಘಟಕದ ದಾರಿಯಲ್ಲೇ, ಯಂತ್ರದಿಂದಲೇ ಬೆಲೆ ಕಟ್ಟಿಸಬಹುದು. ಶ್ವಾರ್ಜ್‌ಶೀಲ್ಡ್‌ನಲ್ಲಿ ಮೊದಲೆರಡು ಸೊನ್ನೆ, ಮೂರನೆಯದು ಮಾತ್ರ ಉಳಿಯುತ್ತದೆ. ಇ ಕೈಗೆ ಬಂತು. ಏಕಮಾನ ತ್ರಿಜ್ಯದ ನಾಲ್ಕು ಆಯಾಮದ ಗೋಳದ ಮೇಲೆ ಮೂರರ ಬೆಲೆಗಳು 144, 36, 24. ಏಕಮಾನ ತ್ರಿಜ್ಯದ ಎರಡು ಸಾಮಾನ್ಯ ಗೋಳಗಳ ಗುಣಲಬ್ಧದ ಮೇಲೆ 16, 4, 8. ಮೂರು ಪರೀಕ್ಷೆ, ಮೂರು ಅಜ್ಞಾತ, ಬಿಡಿಸಬಹುದು ಎನಿಸುತ್ತದೆ.

ಬಿಡಿಸಲು ಆಗುವುದಿಲ್ಲ. ಒಂದು ನಿಮಿಷ ಅಂಕಿಗಳನ್ನು ನೋಡಿ. ಗೋಳದಲ್ಲಿ 144 ಎಂಬುದು 36ರ ನಾಲ್ಕರಷ್ಟು. ಗುಣಲಬ್ಧದಲ್ಲಿ 16 ಎಂಬುದು ನಾಲ್ಕರ ನಾಲ್ಕರಷ್ಟು. ಎರಡೂ ಕಡೆ ಅ-ದ ನಾಲ್ಕರಷ್ಟಕ್ಕೆ ಆ ಕೂಡಿದ್ದೆಷ್ಟು ಎಂಬುದಷ್ಟೇ ಸಿಗುತ್ತದೆ, ಅ ಬೇರೆ ಆ ಬೇರೆ ಆಗುವುದಿಲ್ಲ. ಇದು ಆಕಸ್ಮಿಕವಲ್ಲ: ಎರಡರಲ್ಲೂ ರಿಚ್ಚಿ ಟೆನ್ಸರ್ ಮೆಟ್ರಿಕ್ಕಿಗೆ ಅನುಪಾತದಲ್ಲಿದೆ. ಅಂಥ ಜ್ಯಾಮಿತಿಗಳನ್ನು ಎಷ್ಟು ತಂದರೂ ಉಪಯೋಗವಿಲ್ಲ. ಗೋಳವೊಂದರ ಜೊತೆ ಸಪಾಟು ಸಮತಲವನ್ನು ಗುಣಿಸಿ ನೋಡಿ. ಬೆಲೆಗಳು 4, 2, 4. ಗಂಟು ಬಿಚ್ಚಿತು. ಗೌಸ್-ಬಾನೆಯ 1, ಋಣ 4, 1 ಎಂಬ ಗುಣಾಂಕಗಳನ್ನು ಇಟ್ಟು ಪರೀಕ್ಷಿಸಿ: ದೊಡ್ಡ ಗೋಳದ ಮೇಲೆ 24, ಎರಡು ಗೋಳಗಳ ಗುಣಲಬ್ಧದ ಮೇಲೆ 8, ಗೋಳ ಮತ್ತು ಸಮತಲದ ಮೇಲೆ ಸೊನ್ನೆ. ಗಾತ್ರದಿಂದ ಗುಣಿಸಿ, ಪೈ ವರ್ಗದ 32ರಷ್ಟರಿಂದ ಭಾಗಿಸಿದರೆ ಮೊದಲನೆಯದು 2, ಎರಡನೆಯದು 4. ಆ ಆಕಾರಗಳಿಗೆ ಟೋಪಾಲಜಿಯಿಂದ ಗೊತ್ತಿರುವ ಆಯ್ಲರ್ ಸಂಖ್ಯೆಗಳು ಅವೇ. ಹೀಗೆ ಬೇರೆ ಕಡೆಯಿಂದ ಗೊತ್ತಿರುವ ಅಂಕಿಗೆ ಬಂದು ತಾಗುವ ಪರೀಕ್ಷೆಯನ್ನು ಹತ್ತು ಪುಟದ ಉತ್ತರದ ಮೇಲೆ ಮಾಡಲು ನಿಮಗೆ ಎಲ್ಲಿ ಹಿಡಿಯಬೇಕೆಂದೇ ತೋಚುವುದಿಲ್ಲ.

ಈ ವಿಧಾನದ ಕುರುಡು ಮೂಲೆಗಳನ್ನೂ ಹೇಳಬೇಕು. ಪಟ್ಟಿಗೆ ನಾಲ್ಕನೆಯದೊಂದು ಸೇರಬಹುದಿತ್ತು, ವಕ್ರತಾ ಅದಿಶದ ಎರಡನೆಯ ಅವಕಲನಗಳ ಮೊತ್ತ. ಮೇಲಿನ ಎಲ್ಲ ಜ್ಯಾಮಿತಿಗಳಲ್ಲೂ ಆ ಅದಿಶ ಸ್ಥಿರವಾದ್ದರಿಂದ ಆ ಪದ ಕಾಣಿಸುವುದೇ ಇಲ್ಲ. ಹಿಗ್ಗುವ ವಿಶ್ವದ ಮೆಟ್ರಿಕ್ ತಂದರೆ ಅದು ಕಾಣುತ್ತದೆ, ಆದರೆ ಅಲ್ಲಿ ವೈಲ್ ಸೊನ್ನೆ. ಪ್ರತಿ ಪರೀಕ್ಷೆಗೂ ಒಂದು ಕುರುಡು ಮೂಲೆ ಇದೆ. ಮತ್ತು ಪಟ್ಟಿ ಪೂರ್ಣವಾಗಿದೆಯೇ ಎಂಬುದನ್ನು ಊಹೆಗೆ ಬಿಡಬಾರದು. ಫುಲಿಂಗ್, ಕಿಂಗ್, ವೈಬೋರ್ನ್, ಕಮಿನ್ಸ್ ನಾಲ್ವರು 1992ರಲ್ಲಿ ಗ್ರೂಪ್ ಸಿದ್ಧಾಂತದಿಂದ ಪ್ರತಿ ಮಟ್ಟದಲ್ಲೂ ಎಷ್ಟು ಸ್ವತಂತ್ರ ಪದಗಳಿವೆ ಎಂದು ಎಣಿಸಿಕೊಟ್ಟಿದ್ದಾರೆ. ಮೆಟ್ರಿಕ್ಕಿನ ನಾಲ್ಕು ಅವಕಲನಗಳ ಮಟ್ಟದಲ್ಲಿ 4, ಆರರ ಮಟ್ಟದಲ್ಲಿ 17. ಲೆಕ್ಕಕ್ಕೆ ಕೂರುವ ಮೊದಲು ಅವರ ಕೋಷ್ಟಕ ನೋಡಿಕೊಳ್ಳುವುದು ಕ್ಷೇಮ.

ಇಡೀ ಮಾತಿಗೆ ನಾನು ಕೊಡುವ ದೊಡ್ಡ ಸಾಕ್ಷಿ ಕ್ವಾಂಟಮ್ ಗುರುತ್ವದ್ದು. ಸೂಚಿಗಳು ಎಷ್ಟು ಬೇಗ ಕೈಮೀರುತ್ತವೆಂದು ಅಲ್ಲಿ ನೋಡಬೇಕು: ಮೂರು ಗ್ರಾವಿಟಾನ್‌ಗಳು (ಗುರುತ್ವದ ಕ್ವಾಂಟಮ್ ಕಣಗಳು) ಸಂಧಿಸುವ ಬಿಂದುವಿಗೆ 171 ಪದ, ನಾಲ್ಕು ಸಂಧಿಸಿದರೆ 2,850 ಪದ ಎಂದು 1967ರಲ್ಲೇ ಬ್ರೈಸ್ ಡಿವಿಟ್ ಬರೆದರು. ಟೆನ್ಸರ್ ಸೂಚಿಗಳನ್ನು ಆಡಿಸಬಲ್ಲ ‘ಸ್ಕೋನ್‌ಸ್ಕಿಪ್’ ಎಂಬ ವ್ಯವಸ್ಥೆಯನ್ನು 1963ರಲ್ಲೇ ಕಟ್ಟಿದ್ದ ಮಾರ್ಟಿನಸ್ ವೆಲ್ಟ್‌ಮನ್ ತಮ್ಮ ಶಿಷ್ಯ ಟ್ ಹೂಫ್ಟ್ ಜೊತೆ ಸೇರಿ 1974ರಲ್ಲಿ ಕ್ವಾಂಟಮ್ ತಿದ್ದುಪಡಿಯ ಮೊದಲ ಮಟ್ಟದ, ಅಂದರೆ ಒಂದು ಸುತ್ತಿನ (ಲೂಪ್) ಮಟ್ಟದ, ಅನಂತಗಳನ್ನು ಕಂಡುಹಿಡಿದರು. ಉತ್ತರ ಎರಡೇ ಪದ: ವಕ್ರತಾ ಅದಿಶದ ವರ್ಗಕ್ಕೆ 1/120, ರಿಚ್ಚಿ ವರ್ಗಕ್ಕೆ 7/20. ಮೂರನೆಯದಾದ ರೀಮಾನ್ ವರ್ಗ ಎಲ್ಲಿ ಹೋಯಿತು? ಗೌಸ್-ಬಾನೆ ಸಂಯೋಜನೆ ನಾಲ್ಕು ಆಯಾಮಗಳಲ್ಲಿ ಏನನ್ನೂ ಬದಲಿಸದು ಎಂದು ಅದನ್ನು ಕಳೆದುಬಿಟ್ಟರು. ಉಳಿದೆರಡರಲ್ಲೂ ರಿಚ್ಚಿ ಇದೆ, ನಿರ್ವಾತದಲ್ಲಿ ರಿಚ್ಚಿ ಸೊನ್ನೆ. ಹಾಗಾಗಿ ಬರಿಯ ಗುರುತ್ವಕ್ಕೆ ಒಂದು ಸುತ್ತಿನಲ್ಲಿ ಅನಂತದ ಕಾಟವಿಲ್ಲ ಎಂಬುದು ಆ ಎರಡು ಪದಗಳನ್ನು ಓದಿದ ಕೂಡಲೇ ತಿಳಿಯುತ್ತದೆ.

ಎರಡನೆಯ ಸುತ್ತಿನ ಲೆಕ್ಕ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. 1985ರಲ್ಲಿ ಮಾರ್ಕ್ ಗೊರಾಫ್ ಮತ್ತು ಆಗಸ್ಟೊ ಸಾನ್ಯೋಟ್ಟಿ ಅದನ್ನು ಗಣಕದಿಂದ ಮಾಡಿಸಿದರು. ಅವರ ಜಾಣತನ ಲೆಕ್ಕಕ್ಕಿಂತ ಮುಂಚೆ ಇದೆ. ವಕ್ರತೆಯ ಮೂರನೆಯ ಘಾತದ ಪಟ್ಟಿಯಲ್ಲಿ ರಿಚ್ಚಿ ಇರುವುದೆಲ್ಲ ನಿರ್ವಾತದಲ್ಲಿ ಹೋಗುತ್ತದೆ. ಅವಕಲನ ಇರುವ ಪದಗಳು ಭಾಗಶಃ ಸಮಾಕಲನದಿಂದಲೂ ಬಿಯಾಂಕಿಯಿಂದಲೂ ಉಳಿದವಕ್ಕೆ ಕರಗುತ್ತವೆ. ಮೂರು ರೀಮಾನ್‌ಗಳ ಎರಡು ಸಂಕೋಚನಗಳು ನಾಲ್ಕು ಆಯಾಮಗಳಲ್ಲಿ ಒಂದೇ ಆಗುತ್ತವೆ. ಉಳಿಯುವುದು ಒಂದು ಪದ, ಬೇಕಾದದ್ದು ಅದರ ಮುಂದಿನ ಒಂದು ಅಂಕಿ. ರೂಪ ಮೊದಲೇ ತಿಳಿದಿದ್ದರಿಂದ ಮೂರು ಗ್ರಾವಿಟಾನ್‌ಗಳ ಪ್ರಕ್ರಿಯೆಯನ್ನಷ್ಟೇ ಲೆಕ್ಕ ಹಾಕಿದರೆ ಸಾಕಾಯಿತು. ಸಾಮಾನ್ಯ ಸ್ಥಿರಾಂಕಗಳನ್ನು ಬದಿಗಿಟ್ಟರೆ ಬಂದ ಅಂಕಿ 209/2880. ಸೊನ್ನೆಯಲ್ಲ, ಐನ್‌ಸ್ಟೈನ್ ಗುರುತ್ವ ಎರಡನೆಯ ಸುತ್ತಿನಲ್ಲಿ ಅನಂತಕ್ಕೆ ಸಿಕ್ಕಿತು. 1992ರಲ್ಲಿ ವಾನ್ ಡೆ ವೆನ್ ಬೇರೆ ವಿಧಾನದಿಂದ ಲೆಕ್ಕ ಹಾಕಿ ಅದೇ 209/2880ಕ್ಕೆ ಬಂದರು.

ಮುಂದೆ ನಡೆದದ್ದು ನನಗೆ ಇನ್ನೂ ರುಚಿ. ಇಂಥ ಲೆಕ್ಕಗಳಲ್ಲಿ ಅನಂತಗಳನ್ನು ಹಿಡಿಯಲು ಆಯಾಮವನ್ನು ನಾಲ್ಕರಿಂದ ಕೂದಲೆಳೆಯಷ್ಟು ಸರಿಸುತ್ತಾರೆ. ನಾಲ್ಕರಲ್ಲಿ ಕಳೆದುಬಿಡಬಹುದಾದ ಗೌಸ್-ಬಾನೆ ಪದ, ನಾಲ್ಕಕ್ಕೆ ತುಸು ಕಡಿಮೆಯಾದ ಆಯಾಮದಲ್ಲಿ ಪೂರ್ತಿ ಸೊನ್ನೆಯಲ್ಲ. ಎರಡನೆಯ ಸುತ್ತಿಗೆ ಅದು ತನ್ನ ಪಾಲು ಸೇರಿಸುತ್ತದೆ. 2015ರಲ್ಲಿ ಝ್ವಿ ಬರ್ನ್ ಮತ್ತು ಸಂಗಡಿಗರು ಇದನ್ನು ಬಿಡಿಸಿ ನೋಡಿದರು. ನಾಲ್ಕು ಆಯಾಮಗಳಲ್ಲಿ ಯಾವ ಚಲನೆಯೂ ಇಲ್ಲದ ಒಂದು ಕ್ಷೇತ್ರವನ್ನು ಸುಮ್ಮನೆ ಜೊತೆಗೆ ಸೇರಿಸಿದರೂ 209/2880 ಬದಲಾಗಿಬಿಡುತ್ತದೆ, ಆದರೆ ಅಳೆಯಬಹುದಾದ ಯಾವುದೂ ಬದಲಾಗುವುದಿಲ್ಲ. ಬದಲಾಗದೆ ನಿಲ್ಲುವುದು, ಉತ್ತರ ಅಳತೆಯ ಮಾಪಕವನ್ನು ಹೇಗೆ ಅವಲಂಬಿಸಿದೆ ಎಂಬ ಗುಣಾಂಕ. ಅದು ಬೋಸಾನ್ ಸ್ಥಿತಿಗಳ ಎಣಿಕೆಯಿಂದ ಫರ್ಮಿಯಾನ್ ಸ್ಥಿತಿಗಳ ಎಣಿಕೆ ಕಳೆದು ಬಂದದ್ದಕ್ಕೆ ಅನುಪಾತದಲ್ಲಿದೆ. ಬರಿಯ ಗುರುತ್ವದಲ್ಲಿ ಆ ಎಣಿಕೆ 2, ಗುರುತ್ವ ತರಂಗದ ಎರಡು ಧ್ರುವೀಕರಣಗಳು. ಅಷ್ಟು ವರ್ಷ ಪುಸ್ತಕಗಳಲ್ಲಿ ಅಚ್ಚಾಗುತ್ತ ಬಂದ 209 ಎಂಬ ಅಂಕಿಯ ಬಹುಪಾಲು, ಗೌಸ್-ಬಾನೆಯನ್ನು ನಾಲ್ಕು ಆಯಾಮಗಳಲ್ಲಿ ಕಳೆದದ್ದೋ ನಾಲ್ಕರ ಪಕ್ಕದಲ್ಲಿ ಕಳೆದದ್ದೋ ಎಂಬುದರ ಗುರುತು.